ಕಾಯಿ ತಂದವರ ಲೆಕ್ಕ

ಮೊನ್ನೆ ನರಸಿಂಹರಾಜಪುರದ ಸಂತೆಯಲ್ಲಿ ತೆಂಗಿನಕಾಯಿ ಮಾರುವವನು ರಾಶಿಯ ಮೇಲಿನ ಟಾರ್ಪಾಲು ಸರಿಸಿದ. ಮಳೆಗೆ ನೆನೆದು ನೆನೆದು ಹುಳಿತ ನಾರಿನ ವಾಸನೆ ಮುಖಕ್ಕೇ ಹೊಡೆಯಿತು. ಅವನು ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, “ಒಳ್ಳೆ ಬಲಿತ ಕಾಯಿ ಅಕ್ಕಾ, ತಗೊಳ್ಳಿ” ಅಂದ. ನಾನು “ಬೇಡ” ಅಂದೆ. ಆ ಬೇಡ ಎಷ್ಟು ಜೋರಾಗಿ ಬಂತೆಂದರೆ ಪಕ್ಕದಲ್ಲಿ ಸೌತೆಕಾಯಿ ಆರಿಸುತ್ತಿದ್ದ ಹೆಂಗಸು ತಿರುಗಿ ನೋಡಿದಳು. ಪಾಪ, ಅವನೇನು ಮಾಡಿದ್ದ? ಮನೆಗೆ ಬಂದು ಕಾಯಿಯಿಲ್ಲದ ಸಾರು ಮಾಡಿದೆ. ಗಂಡ ಒಂದು ತುತ್ತು ಬಾಯಿಗಿಟ್ಟವರೇ, “ಮಳೆಗಾಲ ಬಂತು ಅಂತ ಗೊತ್ತಾಯ್ತು ಬಿಡು” ಎಂದು ನಕ್ಕರು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ತವರಿನಲ್ಲೂ ಹೇಳುತ್ತಿದ್ದರು, ಇಲ್ಲೂ ಹೇಳುತ್ತಾರೆ. ಇರಲಿ. ಬಂದ ಹಾಗೆ ಇಳಿದುಹೋಗುವ ಸಿಟ್ಟುಗಳ ವಿಷಯ ಬೇರೆ. ಕೊಪ್ಪದಲ್ಲಿ ಕಳೆದ ಆ ಒಂದು ಮಳೆಗಾಲದ ಸಿಟ್ಟು ಇಳಿದಿಲ್ಲ, ಇಳಿಯಬೇಕು ಎಂದು ನನಗೆ ಅನ್ನಿಸಿಯೂ ಇಲ್ಲ.

ನಾನು ನರ್ಸು. ಆಗ ಕೊಪ್ಪದ ಒಂದು ಖಾಸಗಿ ಆಸ್ಪತ್ರೆಯಲ್ಲಿದ್ದೆ. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುವುದು. ಆಸ್ಪತ್ರೆ ನಡೆಸುತ್ತಿದ್ದವರು ಪ್ರಭಾಕರ ಡಾಕ್ಟರು. ಅವರನ್ನು ಕೆಟ್ಟ ಮನುಷ್ಯ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರೆ ನನಗೂ ಸುಲಭ, ಓದುವವರಿಗೂ ಸುಲಭ. ಆದರೆ ಅವರು ಹಾಗಿರಲಿಲ್ಲ. ಜೀಪು ಹತ್ತದ ಗುಡ್ಡಕ್ಕೆ ನಡೆದುಹೋಗಿ ಹೆರಿಗೆ ಮಾಡಿಸಿದವರು, ಎಸ್ಟೇಟಿನ ಆಳುಗಳನ್ನು ಹೆಸರು ಹಿಡಿದು ಕರೆಯುತ್ತಿದ್ದವರು. ಅವರಿಗಿದ್ದದ್ದು ಒಂದೇ ಹಂಬಲ. ನಮ್ಮ ಕಡೆ ಹೆಸರಾದ ಕಾಮಾಲೆ ಮದ್ದೊಂದನ್ನು ವಿಜ್ಞಾನದಿಂದಲೂ ಹೌದೆನ್ನಿಸಬೇಕು, ಅದನ್ನು ಪ್ರಬಂಧ ಮಾಡಿ ಪತ್ರಿಕೆಯಲ್ಲಿ ಹಾಕಿಸಬೇಕು. ಅವರ ತಾಯಿಗೆ ಒಮ್ಮೆ ಕಾಮಾಲೆಯಾದಾಗ ಗುಣವಾದದ್ದು ಆ ಮದ್ದಿನಿಂದ ಎಂದು ಅವರು ಗಟ್ಟಿಯಾಗಿ ನಂಬಿದ್ದರು.

ಮದ್ದು ಕೊಡುತ್ತಿದ್ದವರು ಬಸರೀಕಟ್ಟೆಯ ಹತ್ತಿರದ ಒಬ್ಬ ಜಮೀನುದಾರರು. ಹೆಸರು ಕೃಷ್ಣಪ್ಪ ಗೌಡರು, ಜನ ಕರೆಯುತ್ತಿದ್ದದ್ದು ಮದ್ದಿನ ಗೌಡ್ರು ಎಂದು. ನೆಲನೆಲ್ಲಿಯ ಜೊತೆ ಇನ್ನೇನನ್ನೋ ಅರೆದು ಹಾಲಿನಲ್ಲಿ ಕದಡಿ ಕೊಡುತ್ತಿದ್ದರು. ಮೂರು ಬೆಳಿಗ್ಗೆಯ ಮದ್ದು. ಆಮೇಲೆ ಕಣ್ಣು ತಿಳಿಯಾಗುವವರೆಗೆ ಪಥ್ಯ. ಉಪ್ಪಿಲ್ಲ, ಎಣ್ಣೆಯಿಲ್ಲ, ಒಗ್ಗರಣೆಯ ವಾಸನೆಯೂ ಇಲ್ಲ, ಎಲ್ಲಕ್ಕಿಂತ ಮುಖ್ಯವಾಗಿ ಬೇರೆ ಯಾವ ಮದ್ದನ್ನೂ ಮುಟ್ಟಬಾರದು. ಒಂದು ಜ್ವರದ ಮಾತ್ರೆ ನುಂಗಿದರೂ ಮದ್ದು ‘ಮುರಿಯುತ್ತದೆ’. ಗೌಡರು ಯಾರಿಂದಲೂ ಬಿಡಿಗಾಸು ಮುಟ್ಟಿದವರಲ್ಲ. ವಾಸಿಯಾದವರು ಮಾತ್ರ ಒಂದು ತೆಂಗಿನಕಾಯಿ ತಂದು ಅವರ ಕೈಗೆ ಕೊಡಬೇಕು. ಗೌಡರು ಎರಡೂ ಕೈಯಲ್ಲಿ ಕಾಯಿ ತೆಗೆದುಕೊಂಡು “ಕಣ್ಣು ತಿಳಿಯಾಯ್ತಾ?” ಎಂದು ಕೇಳುತ್ತಾರೆ, ತಂದವರು “ಆಯ್ತು” ಅನ್ನುತ್ತಾರೆ. ಅಲ್ಲಿಗೆ ಮದ್ದಿನ ಋಣ ತೀರಿತು. ಅವರ ಅಂಗಳದ ಬದಿಯ ಶೀಟಿನ ಮಾಡಿನ ಕೆಳಗೆ ಆ ಕಾಯಿಗಳ ರಾಶಿ. ಮಳೆಗಾಲದಲ್ಲಿ ಒಣಗದೆ, ಬೂಸಲು ಬಂದು, ಕೆಲವು ಮೊಳಕೆಯೊಡೆದು ಬಿದ್ದಿರುತ್ತಿದ್ದವು. ಯಾರಾದರೂ ಮದ್ದಿನ ಬಗ್ಗೆ ಕೊಂಕು ಮಾತಾಡಿದರೆ ಗೌಡರು ಜಗಳಕ್ಕೆ ಹೋಗುತ್ತಿರಲಿಲ್ಲ. ರಾಶಿಯ ಕಡೆ ಕೈ ತೋರಿಸಿ, “ಅವನ್ನ ಕೇಳಿ” ಅನ್ನುತ್ತಿದ್ದರು.

ಡಾಕ್ಟರ ಯೋಜನೆ ಇಷ್ಟು: ಗೌಡರ ಮನೆಗೆ ಬರುವ ಹಳದಿ ಕಣ್ಣಿನವರ ರಕ್ತ ತೆಗೆಯುವುದು, ಮದ್ದು ಕೊಡುವುದು, ಆಮೇಲೆ ಮತ್ತೊಮ್ಮೆ ರಕ್ತ ತೆಗೆದು ಎಷ್ಟು ಇಳಿದಿದೆ ಎಂದು ನೋಡುವುದು. ರಕ್ತ ತೆಗೆಯಲು ನನ್ನನ್ನು ಹಾಕಿದರು. ಸಂಶೋಧನೆ ಎಂದ ಮೇಲೆ ಅದಕ್ಕೊಂದು ಕ್ರಮ ಕಲಿತ ಜನ ಬೇಕಲ್ಲ? ಅದಕ್ಕಾಗಿ ಕೊಪ್ಪದ ಬಾಳಗಡಿಯಲ್ಲಿ ಒಂದು ಬೇಕರಿಯ ಮಹಡಿ ಹಿಡಿದು, ಆ ಮಳೆಗಾಲದಲ್ಲಿ ಶನಿವಾರದ ಕ್ಲಾಸು ಇಡಿಸಿದರು. ಸಂಶೋಧನೆ ಹೇಗೆ ಮಾಡಬೇಕು, ಬೇರೆಯವರು ಮಾಡಿದ್ದನ್ನು ಹೇಗೆ ಅಳೆದು ನೋಡಬೇಕು, ಯಾವ ಸಾಕ್ಷಿ ನಂಬಿ ರೋಗಿಗೆ ಮದ್ದು ಕೊಡಬೇಕು ಎಂಬ ಪಾಠ. ನಾವು ಕೆಲವು ನರ್ಸುಗಳು, ಲ್ಯಾಬಿನವರು, ಒಬ್ಬಿಬ್ಬರು ಕಿರಿಯ ಡಾಕ್ಟರು. ಕೆಳಗಿನಿಂದ ಬನ್ನು ಬೇಯುವ ಪರಿಮಳ ಬಂದರೆ ಯಾರಿಗೂ ಪಾಠ ತಲೆಗೆ ಹೋಗುತ್ತಿರಲಿಲ್ಲ.

ಪಾಠ ಹೇಳಲು ಶಿವಮೊಗ್ಗದಿಂದ ನಳಿನಿ ಮೇಡಂ ಬರುತ್ತಿದ್ದರು. ಗುಡ್ಡದ ರಸ್ತೆಯ ತಿರುವುಗಳಿಗೆ ತಲೆ ಸುತ್ತಿ, ನಿಂಬೆಹಣ್ಣು ಮೂಸುತ್ತಾ ಮೆಟ್ಟಿಲು ಹತ್ತಿ ಬಂದು, ಬಂದವರೇ ಬೋರ್ಡಿನ ಮೇಲೆ ಪ್ರಶ್ನೆ ಬರೆಯುವರು. ಸಣ್ಣ ಆಳು, ದೊಡ್ಡ ಗಂಟಲು. ಮೊದಲ ದಿನವೇ ನಮ್ಮ ಕೈಗೆ ಒಂದು ಇಂಗ್ಲಿಷ್ ಪ್ರಬಂಧ ಕೊಟ್ಟು ಓದಿ ಅಂದರು. ನಾವೆಲ್ಲ ನೇರ ಕೊನೆಯ ಪುಟಕ್ಕೆ ಹೋಗಿ “ಈ ಔಷಧಿ ಒಳ್ಳೆಯದು ಮೇಡಂ” ಅಂದೆವು.

“ಹೆಣ್ಣು ನೋಡೋಕೆ ಹೋದವರು ಉಪ್ಪಿಟ್ಟು ತಿಂದು, ಉಪ್ಪಿಟ್ಟು ಚೆನ್ನಾಗಿತ್ತು ಅಂತ ಹೇಳಿ ವಾಪಸ್ ಬಂದ ಹಾಗಾಯ್ತು ನಿಮ್ಮ ಕಥೆ,” ಅಂದರು ಅವರು. “ಕೊನೆಯಲ್ಲಿ ಬರೆದಿರೋದು ಅವರ ಆಸೆ. ಹೇಗೆ ಮಾಡಿದ್ರು ಅಂತ ಮಧ್ಯದಲ್ಲಿ ಬರೆದಿರ್ತಾರೆ. ಅದನ್ನ ಓದಿ.”

ಇನ್ನೊಂದು ಶನಿವಾರ ಮದ್ದಿನ ಗೌಡರ ಮದ್ದಿನ ಮಾತು ಬಂತು. ಕುಡಿದವರೆಲ್ಲ ವಾಸಿಯಾಗಿದ್ದಾರೆ, ಅದಕ್ಕಿಂತ ಸಾಕ್ಷಿ ಬೇಕಾ ಎಂದು ಲ್ಯಾಬಿನವನೊಬ್ಬ ಕೇಳಿದ. “ಕುಡಿಯದೆ ಸುಮ್ಮನೆ ಮಲಗಿದ್ರೆ ಏನಾಗ್ತಿತ್ತು?” ಎಂದು ಮೇಡಂ ಕೇಳಿದರು. ಅವರೇ ಮುಂದುವರಿಸಿದರು. “ಕಾಮಾಲೆ ಬಹಳ ಸಲ ತಾನಾಗಿ ಇಳಿಯತ್ತೆ. ಅಜ್ಜಿ ಕೋಳಿ ಕೂಗಿದ್ದಕ್ಕೇ ಬೆಳಗಾಯ್ತು ಅನ್ನೋ ಹಾಗಿಲ್ಲ. ಕೋಳಿ ಕೂಗದ ಊರಲ್ಲೂ ಬೆಳಗಾಯ್ತಾ ಅಂತ ನೋಡ್ಬೇಕು,” ಅಂದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು, “ನಿಮ್ಮ ಮನೇಲಿ ದನ ಇದಾವಾ?”

“ಇದಾವೆ ಮೇಡಂ.”

“ಸಂಜೆ ಕೊಟ್ಟಿಗೆಗೆ ಬಂದ ದನ ಎಣಿಸಿ, ‘ಬಂದಿದ್ದೆಲ್ಲಾ ಬಂತು’ ಅಂತ ಬಾಗಿಲು ಹಾಕ್ತೀರಾ?”

ಎಲ್ಲರೂ ನಕ್ಕರು. “ಇಲ್ಲ, ಬೆಳಿಗ್ಗೆ ಬಿಟ್ಟಿದ್ದೆಷ್ಟು ಅಂತ ನೋಡ್ತೀವಿ,” ಅಂದೆ.

“ಬಾರದಿದ್ರೆ?”

“ಹುಡುಕಿಕೊಂಡು ಹೋಗ್ತೀವಿ.”

“ಅಷ್ಟೇ. ಅರ್ಧ ವಿದ್ಯೆ ಅದೇ. ಪಟ್ಟಣದವರಿಗೆ ಇದನ್ನ ಹೇಳಿಕೊಡೋಕೆ ನಂಗೆ ಒಂದು ವಾರ ಬೇಕು,” ಅಂದರು. ಆ ಮಾತು ನನ್ನ ತಲೆಯಲ್ಲಿ ಮೊಳೆ ಹೊಡೆದ ಹಾಗೆ ಕೂತಿತು. ಯಾಕೆಂದರೆ ಗೌಡರ ಅಂಗಳದಲ್ಲಿ ನಾವು ಮಾಡುತ್ತಿದ್ದದ್ದು ಬಾಗಿಲು ಹಾಕುವ ಕೆಲಸವನ್ನೇ. ಎರಡನೇ ರಕ್ತ ತೆಗೆಯಲು ನಾವು ಯಾರ ಮನೆಗೂ ಹೋಗುತ್ತಿರಲಿಲ್ಲ. ಕಾಯಿ ಕೊಡಲು ಬಂದವರದ್ದೇ ತೆಗೆಯುತ್ತಿದ್ದೆವು. ಹೇಗೂ ಬರುತ್ತಾರಲ್ಲ, ಜೀಪಿನ ಖರ್ಚು ಯಾಕೆ ಎಂದು ಡಾಕ್ಟರು ಹೇಳಿದ್ದರು. ವಾಸಿಯಾಗದವನು ಕಾಯಿ ಹಿಡಿದುಕೊಂಡು ಬರುತ್ತಾನೆಯೇ? ಬರುವುದೇ ವಾಸಿಯಾದವನು. ಅವನ ರಕ್ತ ತೆಗೆದು, ಅಯ್ಯೋ ಎಲ್ಲರದ್ದೂ ಇಳಿದಿದೆ ಎಂದು ಸಂಭ್ರಮಪಟ್ಟರೆ ಅದಕ್ಕೆ ಸಂಶೋಧನೆ ಎಂದು ಹೆಸರು! ಇದನ್ನು ಡಾಕ್ಟರಿಗೆ ಹೇಳಿದೆ. “ನೋಡೋಣ ಸಿಸ್ಟರ್, ಮಳೆ ಕಡಿಮೆಯಾಗ್ಲಿ” ಅಂದರು.

ಮಳೆ ಕಡಿಮೆಯಾಗಲಿಲ್ಲ. ಗದ್ದೆಯಲ್ಲಿ ಸಸಿ ನೆಡುವ ನಟ್ಟಿಯ ಕೆಲಸ ಜೋರಾಗಿದ್ದ ಹೊತ್ತಿನಲ್ಲಿ ಒಂದು ಬೆಳಿಗ್ಗೆ ಗೌಡರ ಅಂಗಳಕ್ಕೆ ಗಿರಿಜ ಬಂದಳು.

ನೆಮ್ಮಾರಿನಿಂದ ಬಂದಿದ್ದಳು. ಶೃಂಗೇರಿಗೆ ಒಂದು ಬಸ್ಸು, ಜಯಪುರಕ್ಕೆ ಇನ್ನೊಂದು, ಅಲ್ಲಿಂದ ಯಾರದೋ ಜೀಪು. ಜೊತೆಗೆ ಗಂಡ ಸುರೇಶ. ಇಬ್ಬರೂ ಕೂಲಿಗೆ ಹೋಗುವವರು, ಅವನು ತೋಟಕ್ಕೆ, ಅವಳು ಗದ್ದೆಗೆ. ಅವಳು ನಡೆಯುವ ರೀತಿ ನೋಡಿಯೇ ನನಗೆ ಸರಿಯಿಲ್ಲ ಅನ್ನಿಸಿತು. ಕಾಲು ಎತ್ತಿಡಲು ಆಗುತ್ತಿರಲಿಲ್ಲ. ಮುಟ್ಟಿದರೆ ಮೈ ಸುಡುತ್ತಿತ್ತು. ಕಣ್ಣು ಹಳದಿ, ಹಳದಿಯ ಒಳಗೆ ಕೆಂಪು. ಮೀನಖಂಡ ಒತ್ತಿದ್ದಕ್ಕೆ “ಅಯ್ಯಮ್ಮಾ” ಎಂದು ನನ್ನ ಕೈಯನ್ನೇ ತಳ್ಳಿದಳು. ಪಾದದಲ್ಲಿ ಗದ್ದೆ ಕೆಸರಿನ ಹುಣ್ಣು. ನಟ್ಟಿ ಗದ್ದೆ, ಹುಣ್ಣು, ಬಿಡದ ಜ್ವರ, ಮೀನಖಂಡದ ನೋವು. ಮಲೆನಾಡಿನಲ್ಲಿ ಒಂದು ಮಳೆಗಾಲ ಕೆಲಸ ಮಾಡಿದ ನರ್ಸಿಗೂ ಇಲಿಜ್ವರದ ಅನುಮಾನ ಬರುತ್ತದೆ. ಬೇಗ ಹಿಡಿದರೆ ಸಾಮಾನ್ಯ ಔಷಧಿಗೂ ಬಗ್ಗುವ ರೋಗ, ಬಿಟ್ಟರೆ ಮೂತ್ರಪಿಂಡ ಹಿಡಿಯುವ ರೋಗ.

“ನೀವು ಇಲ್ಲಿ ಕೂರಬೇಡಿ. ಈಗಲೇ ಆಸ್ಪತ್ರೆಗೆ ಹೋಗಿ. ಇದು ಬರೀ ಕಾಮಾಲೆ ಅಲ್ಲ,” ಅಂದೆ.

ಸುರೇಶ ತಿರುಗಿ ಗೌಡರ ಮುಖ ನೋಡಿದ. ಗೌಡರು ಹೇಳಿದರು, “ನಾನು ಯಾರನ್ನೂ ಕರೆಯೂದೂ ಇಲ್ಲ, ಕಳಿಸೂದೂ ಇಲ್ಲ ಮಾರಾಯ. ಮದ್ದು ಬೇಕಾದ್ರೆ ಪಥ್ಯ ಮಾಡ್ಬೇಕು. ಎರಡು ದೋಣಿ ಮೇಲೆ ಕಾಲಿಡೂಕೆ ಆಗೂದಿಲ್ಲ.”

ನಾನು ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿದೆ. ಸಿಗ್ನಲ್ ಸಿಗಲು ರಸ್ತೆಯ ತಿರುವಿನವರೆಗೆ ಹೋಗಬೇಕಿತ್ತು. ಎಲ್ಲ ಹೇಳಿದೆ. “ಕಣ್ಣು ಹಳದಿ ಇದೆಯಲ್ಲ?” ಎಂದು ಕೇಳಿದರು. ಇದೆ ಎಂದೆ. “ಹಾಗಾದ್ರೆ ಸ್ಟಡಿಗೆ ಸೇರಿಸ್ಕೊಳ್ಳಿ. ಮೂರು ದಿನ ನೋಡೋಣ. ಈಗಲೇ ಬೇರೆ ಔಷಧಿ ಶುರು ಮಾಡಿದ್ರೆ ಯಾವುದ್ರಿಂದ ವಾಸಿಯಾಯ್ತು ಅಂತ ಹೇಳೋಕಾಗಲ್ಲ, ರಿಸಲ್ಟ್ ಕೆಡುತ್ತೆ.” ಆ ಕ್ಷಣ ಫೋನನ್ನು ಹಳ್ಳಕ್ಕೆ ಎಸೆಯಬೇಕು ಅನ್ನಿಸಿತು. ರಿಸಲ್ಟ್ ಕೆಡುತ್ತದಂತೆ! ಗೌಡರ ಪಥ್ಯಕ್ಕೆ ನಂಬಿಕೆಯ ಕಾರಣವಾದರೂ ಇತ್ತು. ಇವರು ಅದೇ ಪಥ್ಯಕ್ಕೆ ವಿಜ್ಞಾನದ ಅಂಗಿ ತೊಡಿಸಿ ಗಟ್ಟಿ ಮಾಡಿದ್ದರು.

ವಾಪಸ್ ಬಂದು ಅವಳ ಮುಂದೆ ಕೂತು ಮತ್ತೆ ಹೇಳಿದೆ, ಗೌಡರ ಎದುರಿಗೇ ಹೇಳಿದೆ. ಗಿರಿಜ ನನ್ನ ಕೈ ಹಿಡಿದುಕೊಂಡು, “ನಮ್ಮ ಅಪ್ಪಂಗೂ ಇಲ್ಲೇ ವಾಸಿಯಾಗಿದ್ದು ಸಿಸ್ಟ್ರೇ. ದೊಡ್ಡ ಆಸ್ಪತ್ರೆಯವ್ರೇ ಬಂದು ನೋಡ್ತಿದಾರಲ್ಲ, ಸುಳ್ಳಾಗ್ತದಾ?” ಅಂದಳು. ದೊಡ್ಡ ಆಸ್ಪತ್ರೆಯವರು ಅಂದರೆ ನಾನು. ನನ್ನ ಬಿಳಿ ಕೋಟು, ನನ್ನ ರಕ್ತದ ಟ್ಯೂಬು. ನನ್ನ ಬಾಯಿ ಬೇಡ ಅನ್ನುತ್ತಿತ್ತು, ನನ್ನ ಕೋಟು ಹೌದು ಅನ್ನುತ್ತಿತ್ತು. ಜನ ಕೋಟನ್ನು ನಂಬುತ್ತಾರೆ. ಅವಳು ಮದ್ದು ಕುಡಿದು, ಮುಖ ಕಿವುಚಿ, ಬಾಯಿ ಒರೆಸಿಕೊಂಡು ಹೋದಳು. ಉಳಿದ ಎರಡು ಬೆಳಿಗ್ಗೆಯದನ್ನು ಬಾಟಲಿಯಲ್ಲಿ ಹಾಕಿ ಕೊಟ್ಟರು. ಆ ಸಂಜೆ ಡಾಕ್ಟರ ಕೋಣೆಗೆ ಹೋಗಿ, ಜೀಪು ಕಳಿಸಿ ಅವಳನ್ನು ಕರೆಸಿ ಎಂದು ಕೇಳಿದೆ. ರಕ್ತದ ರಿಪೋರ್ಟು ಬರಲಿ ಅಂದರು. ನಾವು ಮಾಡಿಸುತ್ತಿದ್ದದ್ದು ಕಾಮಾಲೆಯ ಪರೀಕ್ಷೆ ಒಂದೇ, ಇಲಿಜ್ವರದ್ದು ಆ ರಿಪೋರ್ಟಿನಲ್ಲಿ ಎಲ್ಲಿಂದ ಬರಬೇಕು?

ಅವಳು ಕಾಯಿ ತರಲಿಲ್ಲ.

ಎರಡು ವಾರ ಕಳೆದ ಮೇಲೆ ಶನಿವಾರದ ಕ್ಲಾಸಿನಲ್ಲಿ ನಮ್ಮ ಕೆಲಸ ಎಲ್ಲಿಗೆ ಬಂತೆಂದು ಹೇಳುವ ಸರದಿ ನನ್ನದಿತ್ತು. ಡಾಕ್ಟರೂ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಬಂದವರೆಲ್ಲರ ರಕ್ತದಲ್ಲೂ ಕಾಮಾಲೆ ಇಳಿದಿದೆ ಎಂದು ಹೇಳಿದೆ. ನಳಿನಿ ಮೇಡಂ ನಿಂಬೆಹಣ್ಣು ಮೇಜಿನ ಮೇಲಿಟ್ಟು ಕೇಳಿದರು, “ಬಾರದ ದನ ಎಲ್ಲಿ?”

ಮರುದಿನ ಭಾನುವಾರ. ನಾನು ಶೃಂಗೇರಿ ಬಸ್ಸು ಹತ್ತಿ ನೆಮ್ಮಾರಿಗೆ ಹೋದೆ.

ದಾರಿ ಕೇಳಬೇಕಾಗಿಯೇ ಬರಲಿಲ್ಲ. ಬಸ್ಸು ಇಳಿದ ಕಡೆ ಅಂಗಡಿಯಲ್ಲಿ ಗಿರಿಜ ಎಂದ ಕೂಡಲೇ ಅಂಗಡಿಯವನು, “ತೀರಿಹೋದ್ಲಲ್ಲ, ಅವಳಾ?” ಅಂದ. ಮುಂದೆ ತಾನಾಗಿಯೇ ಸೇರಿಸಿದ, “ಪಥ್ಯ ಮುರಿದಳಂತೆ.”

ಸುರೇಶ ತಲೆ ಬೋಳಿಸಿಕೊಂಡು ಹೊರಗೆ ಕೂತಿದ್ದ. ನನ್ನನ್ನು ನೋಡಿ ಎದ್ದು ನಿಂತು ಚಾಪೆ ಹಾಕಿದ. ಹೇಳಿದ್ದನ್ನೆಲ್ಲ ತಲೆ ತಗ್ಗಿಸಿಯೇ ಹೇಳಿದ. ಮೂರನೇ ಬೆಳಿಗ್ಗೆಯ ಮದ್ದು ಕುಡಿದ ಮೇಲೆ ಮೂತ್ರ ನಿಂತಿತು. ಮಾತು ತೊದಲಿತು. ಆಂಬುಲೆನ್ಸಿನಲ್ಲಿ ದೂರದ ದೊಡ್ಡ ಆಸ್ಪತ್ರೆಗೆ ಒಯ್ದರು. ಅಲ್ಲಿ ಇಲಿಜ್ವರ ಎಂದರು, ಮೊದಲೇ ಬರಬೇಕಿತ್ತು ಎಂದರು. ಮೊದಲೇ ಬರಬೇಕಿತ್ತು ಎಂಬ ಮಾತನ್ನು ಅವನು ಎರಡು ಸಲ ಹೇಳಿದ.

ಒಳಗಿನಿಂದ ಅವನ ಅಮ್ಮ, “ಸಾರಿಗೆ ಉಪ್ಪು ಹಾಕ್ಕೊಂಡಿರ್ಬೇಕು, ಇಲ್ಲಾ ಯಾವ್ದೋ ಮಾತ್ರೆ ನುಂಗಿರ್ಬೇಕು. ಇಲ್ದಿದ್ರೆ ಗೌಡ್ರ ಮದ್ದು ಹುಸಿಯಾದದ್ದು ಉಂಟಾ?” ಅಂದರು.

ಸುರೇಶ ಆಗ ತಲೆಯೆತ್ತಿದ. “ಇಲ್ಲ ಸಿಸ್ಟ್ರೇ. ನಾನೇ ಮಾತ್ರೆ ತಂದು ಕೊಟ್ಟಿದ್ದೆ, ಅಷ್ಟು ಜ್ವರಕ್ಕೆ. ಬೇಡ, ಮದ್ದು ಮುರೀತದೆ ಅಂತ ವಾಪಸ್ ಕೊಟ್ಲು. ಉಪ್ಪು ನಾಲಿಗೆಗೆ ಇಡ್ಲಿಲ್ಲ. ಊರಿಡೀ ಅವಳದ್ದೇ ತಪ್ಪು ಅಂತಿದಾರೆ. ಸತ್ತಿದ್ದೂ ಅವಳೇ, ತಪ್ಪೂ ಅವಳದ್ದೇ.” ಅವನು ಒಳಗೆ ಹೋಗಿ ಒಂದು ತೆಂಗಿನಕಾಯಿ ತಂದು ತೋರಿಸಿದ. ಜುಟ್ಟು ಬಿಟ್ಟು ಸುಲಿದು, ಒರೆಸಿ ಇಟ್ಟ ಕಾಯಿ. “ಮದ್ದು ಕುಡಿದು ಬಂದ ದಿನವೇ ತೆಗೆದಿಟ್ಲು. ವಾಸಿಯಾದ ಮೇಲೆ ಗೌಡ್ರಿಗೆ ಕೊಡೂಕೆ.”

ಅವನ ಎದುರು ಅಳಲಿಲ್ಲ. ಬಸ್ಸಿನಲ್ಲಿ ಅತ್ತೆ, ದುಃಖಕ್ಕಿಂತ ಸಿಟ್ಟಿಗೆ. ಹೊರಡುವ ಮೊದಲು ಒಂದು ಕೆಲಸ ಮಾಡಿದ್ದೆ. ಅದೇ ಗದ್ದೆಯಲ್ಲಿ ನಟ್ಟಿಗೆ ಹೋಗಿದ್ದ ಗಿರಿಜಳ ವಾರಗಿತ್ತಿಗೂ ಜ್ವರ ಬಂದು ಕಂಬಳಿ ಹೊದ್ದು ಮಲಗಿದ್ದಳು. ಕಣ್ಣು ಹಳದಿಯಾದರೆ ಗೌಡರಲ್ಲಿಗೆ ಹೋಗುವುದು ಎಂದು ಕಾಯುತ್ತಿದ್ದರು! ಅವಳನ್ನು ಎಬ್ಬಿಸಿ ಆಟೋ ಹತ್ತಿಸಿ ಶೃಂಗೇರಿಯ ಆಸ್ಪತ್ರೆಗೆ ಸೇರಿಸಿಯೇ ಬಂದೆ. ಅವಳು ಬದುಕಿದಳು. ನನ್ನಿಂದಲೇ ಬದುಕಿದಳು ಎಂದು ಹೇಳಿಕೊಂಡರೆ ನಳಿನಿ ಮೇಡಂ ಕಿವಿ ಹಿಂಡುತ್ತಾರೆ, ಒಬ್ಬಳು ಬದುಕಿದ್ದರಿಂದ ಏನೂ ಸಾಬೀತಾಗುವುದಿಲ್ಲ ಅನ್ನುತ್ತಾರೆ. ಆದರೂ ಬದುಕಿದಳು.

ಸೋಮವಾರ ಡಾಕ್ಟರ ಕೋಣೆಗೆ ಹೋದೆ. ಗಿರಿಜ ಸತ್ತಿದ್ದನ್ನು ಪ್ರಬಂಧದಲ್ಲಿ ಬರೆಯಬೇಕು ಎಂದೆ. ಪಥ್ಯ ಪೂರ್ತಿ ಪಾಲಿಸಿ ಸತ್ತಳು ಎಂದೇ ಬರೆಯಬೇಕು.

“ಪಾಪ,” ಅಂದರು. ನಿಜವಾಗಿಯೂ ಅವರ ಮುಖ ಕಪ್ಪಿಟ್ಟಿತು. ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಅದನ್ನು ಮತ್ತೆ ಹಾಕಿಕೊಂಡು ಬೇರೆಯೇ ಮನುಷ್ಯರಾದರು. “ಆದ್ರೆ ಸಿಸ್ಟರ್, ಅವಳು ರಿವ್ಯೂಗೆ ಬಂದಿಲ್ಲ. ಲಾಸ್ಟ್ ಟು ಫಾಲೋಅಪ್, ಅಂದ್ರೆ ಕಳೆದುಹೋದವಳು, ಅಂತ ಹಾಕಿ, ಅಷ್ಟೇ.”

“ಅವಳು ಕಳೆದುಹೋಗಿಲ್ಲ ಸಾರ್, ಸತ್ತುಹೋಗಿದಾಳೆ. ನಾನು ಮನೆಗೆ ಹೋಗಿ ಬಂದೆ.”

“ಯಾರು ಹೋಗು ಅಂದಿದ್ದು?”

“ಶನಿವಾರದ ಕ್ಲಾಸಿಗೆ ನೀವೇ ಕಳಿಸಿದ್ರಿ.”

ಡಾಕ್ಟರು ಮೇಜಿನ ಮೇಲಿನ ಫೈಲು ಮುಚ್ಚಿದರು. ಮತ್ತೆ ಶುರು ಮಾಡಿದರು, ಮಗುವಿಗೆ ತಿಳಿಹೇಳುವ ಧ್ವನಿಯಲ್ಲಿ. “ಅವಳಿಗಿದ್ದದ್ದು ಇಲಿಜ್ವರ. ನಮ್ಮದು ಕಾಮಾಲೆ ಮದ್ದಿನ ಸ್ಟಡಿ. ಅವಳನ್ನ ಸೇರಿಸಿದ್ದೇ ತಪ್ಪಾಯ್ತು. ತೆಗೆದುಬಿಟ್ರೆ ಸರಿಹೋಗುತ್ತೆ.”

“ಸೇರಿಸುವಾಗ ಕಣ್ಣು ಹಳದಿಯಿದ್ರೆ ಸಾಕು ಅಂದವ್ರು ನೀವು. ಸತ್ತ ಮೇಲೆ ರೋಗ ಬೇರೆ ಆಯ್ತಾ? ಹಾಗಾದ್ರೆ ವಾಸಿಯಾದವ್ರದ್ದು ಯಾವ ಕಾಮಾಲೆ ಅಂತ ಒಬ್ಬರದ್ದಾದ್ರೂ ನೋಡಿದೀವಾ?” ನನ್ನ ಧ್ವನಿ ಹೊರಗಿನವರೆಗೂ ಕೇಳಿಸಿತಂತೆ, ಆಮೇಲೆ ಹೇಳಿದರು.

“ಒಂದು ಕೇಸಿಗೋಸ್ಕರ ಜನರ ನಂಬಿಕೆ ಕೆಡಿಸಬೇಡಿ,” ಅಂದರು ಡಾಕ್ಟರು.

ಆ ಮಾತು ಕೇಳಿದ ಮೇಲೆ ನನಗೆ ಅವರ ಮೇಲಿದ್ದ ಗೌರವವೆಲ್ಲ ಸೋರಿಹೋಯಿತು. ಹುಡುಕದೆ ಬಿಟ್ಟವರನ್ನು ಕಳೆದುಹೋದವರು ಅನ್ನುವುದು, ಸತ್ತವರನ್ನು ತಪ್ಪಾಗಿ ಸೇರಿದವರು ಅನ್ನುವುದು. ಊರಿನವರು ಪಥ್ಯ ಮುರಿದಳು ಅಂದರು, ಓದಿದವರು ಲೆಕ್ಕಕ್ಕೆ ಬರುವುದಿಲ್ಲ ಅಂದರು. ಎರಡೂ ಒಂದೇ ಮಾತು. ಮದ್ದು ಸೋಲಬಾರದು, ಹಾಗಾಗಿ ಸೋತವಳು ಅವಳೇ ಆಗಬೇಕು. ಊರವರದ್ದಾದರೂ ತಿಳಿಯದೆ ಆಡಿದ ಮಾತು. ಇವರು ತಿಳಿದೂ ತಿಳಿದೂ ಇಂಗ್ಲಿಷಿನಲ್ಲಿ ಆಡಿದರು.

ನಳಿನಿ ಮೇಡಂಗೆ ಫೋನ್ ಮಾಡಿ ಎಲ್ಲ ಹೇಳಿದೆ, ನಡುನಡುವೆ ಬೈದೆ ಕೂಡ. ಅವರು ಸುಮ್ಮನೆ ಕೇಳಿಸಿಕೊಂಡರು. “ಸಿಟ್ಟು ಬರ್ಲಿ. ಆದ್ರೆ ಬರೆಯುವಾಗ ಕೈ ನಡುಗಬಾರದು. ನೋಡಿದ್ದನ್ನ ನೋಡಿದ ಹಾಗೆ ಬರೆದು ಡಾಕ್ಟರಿಗೆ ಕೊಡಿ,” ಅಂದರು. ಕೊಟ್ಟೆ. ಮೇಡಂ ಕೂಡ ಬರೆದು ಕೊಟ್ಟರು, ಸಲಹೆಗಾರರೆಂದು ಸೇರಿಸಿದ್ದ ತಮ್ಮ ಹೆಸರನ್ನು ಪ್ರಬಂಧದಿಂದ ತೆಗೆಸಿದರು. ಬೇಕರಿ ಮಹಡಿಯ ಕ್ಲಾಸು ಅಲ್ಲಿಗೆ ನಿಂತಿತು. ಪ್ರಬಂಧ ಮಾತ್ರ ನಿಲ್ಲಲಿಲ್ಲ. ಮುಂದೆ ಅದು ಯಾವುದೋ ಪತ್ರಿಕೆಯಲ್ಲಿ ಬಂತು. ಈಗಲೂ ಆ ಆಸ್ಪತ್ರೆಯ ಗೋಡೆಯ ಮೇಲೆ ಗಾಜು ಹಾಕಿ ತೂಗುಹಾಕಿದ್ದಾರೆ. ಮರುಪರೀಕ್ಷೆಗೆ ಬಂದವರೆಲ್ಲರೂ ಗುಣಮುಖರಾದರು ಎಂದು ಅದರಲ್ಲಿದೆ. ಸುಳ್ಳಲ್ಲ. ಸುಳ್ಳಾಗಿದ್ದರೆ ಹಿಡಿಯಬಹುದಿತ್ತು.

ಸುರೇಶನಿಗೆ ನಾನೇ ಫೋನ್ ಮಾಡಿ, ಗಿರಿಜಳನ್ನು ಲೆಕ್ಕದಿಂದ ತೆಗೆದಿದ್ದಾರೆ ಎಂದು ತಿಳಿಸಿದೆ. ಮುಚ್ಚಿಡುವುದು ನನ್ನಿಂದಾಗಲಿಲ್ಲ. ಅವನು “ಹೌದಾ” ಎಂದು ಫೋನಿಟ್ಟ.

ಮಳೆ ಹಿಂದಾದ ಮೇಲೆ ಬಾಳಗಡಿಯ ಒಂದು ಸಭಾಭವನದಲ್ಲಿ ಮದ್ದಿನ ಗೌಡರಿಗೆ ಸನ್ಮಾನ ಇಟ್ಟರು. ಶಾಲು, ಹಾರ, ಹಣ್ಣಿನ ಬುಟ್ಟಿ. ಸಂಶೋಧನೆಯಿಂದ ಸಾಬೀತಾದ ಮದ್ದು ಎಂದು ವೇದಿಕೆಯ ಹಿಂದೆ ಬ್ಯಾನರು. ನಾನಿನ್ನೂ ಕೆಲಸ ಬಿಟ್ಟಿರಲಿಲ್ಲ. ಬಂದವರಿಗೆ ಪನ್ನೀರು ಚಿಮುಕಿಸುವುದು ನರ್ಸುಗಳ ಪಾಲಿಗೆ ಬಂದಿತ್ತು. ನಾನು ಪನ್ನೀರುದಾನಿ ಹಿಡಿದು ಬಾಗಿಲಲ್ಲಿ ನಿಂತಿದ್ದಾಗ ಸುರೇಶ ಒಳಗೆ ಬಂದ. ತಲೆಯಲ್ಲಿ ಕೂದಲು ಚಿಗುರಿತ್ತು. ಇಸ್ತ್ರಿ ಮಾಡಿದ ಅಂಗಿ. ಕೈಯಲ್ಲಿ ಆ ಕಾಯಿ.

ಗೌಡರಿಗೆ ಶಾಲು ಹೊದೆಸಿದ ಮೇಲೆ ವಾಸಿಯಾದವರು ಸಾಲಾಗಿ ವೇದಿಕೆಗೆ ಹೋಗಿ ಕಾಯಿ ಕೊಡತೊಡಗಿದರು. ಡಾಕ್ಟರೇ ಹಾಗೆ ಏರ್ಪಾಡು ಮಾಡಿಸಿದ್ದರು, ಫೋಟೋಗೆ ಚೆನ್ನಾಗಿರುತ್ತದೆ ಎಂದು. ಸುರೇಶ ಸಾಲಿನಲ್ಲಿ ನಿಂತ. ಅವನ ಸರದಿ ಬಂತು. ಗೌಡರು ಎರಡೂ ಕೈಯಲ್ಲಿ ಕಾಯಿ ತೆಗೆದುಕೊಂಡು, ಎಂದಿನಂತೆ, “ಕಣ್ಣು ತಿಳಿಯಾಯ್ತಾ ಮಾರಾಯ?” ಅಂದರು.

“ನೆಮ್ಮಾರಿನ ಗಿರಿಜಳ ಕಾಯಿ ಇದು. ನನ್ನ ಹೆಂಡ್ತಿ. ತೀರಿಹೋದ್ಲು ಗೌಡ್ರೇ,” ಅಂದ ಸುರೇಶ. ಮೈಕು ಗೌಡರ ಎದುರಿಗೇ ಇತ್ತು, ಸಭೆಗೆಲ್ಲ ಕೇಳಿಸಿತು. “ವಾಸಿಯಾದ ಮೇಲೆ ಕೊಡೂಕೆ ಅಂತ ಅವಳೇ ತೆಗೆದಿಟ್ಟಿದ್ಲು. ಪಥ್ಯ ಸರಿಯಾಗಿ ಮಾಡಿದ್ಲು. ಒಂದು ಹರಳು ಉಪ್ಪು ಮುಟ್ಲಿಲ್ಲ. ಅಷ್ಟನ್ನ ನೀವು ಎಲ್ಲರೆದುರಿಗೆ ಹೇಳಿ. ನಂಗೆ ಬೇರೆ ಎಂತದೂ ಬೇಡ.”

ಗೌಡರು ಕಾಯಿಯನ್ನು ನೋಡಿದರು. ಸುರೇಶನನ್ನು ನೋಡಿದರು. ಹೇಳಿಬಿಡುತ್ತಾರೆ ಎಂದೇ ನಾನು ಅಂದುಕೊಂಡೆ. ಬಾಯಿ ತೆರೆದರು ಕೂಡ. ಆಮೇಲೆ ಕಾಯಿಯನ್ನು ಪಕ್ಕದ ಮೇಜಿನ ಮೇಲಿಟ್ಟು, ಕೈ ಪಂಚೆಗೆ ಒರೆಸಿಕೊಂಡು, “ವಾಸಿಯಾಗದವರ ಕಾಯಿ ನಾನು ಮುಟ್ಟೂದಿಲ್ಲ ಮಾರಾಯ. ಅದು ಮದ್ದಿನ ನಿಯಮ,” ಅಂದರು.

ಡಾಕ್ಟರು ಎದ್ದು ಮೈಕು ತೆಗೆದುಕೊಂಡರು. “ದುಃಖದಲ್ಲಿದ್ದಾರೆ. ಯಾರಾದ್ರೂ ಅವರನ್ನ ಕರ್ಕೊಂಡು ಹೋಗಿ ಕೂರಿಸಿ.” ಯಾರೂ ಕೂರಿಸಬೇಕಾಗಲಿಲ್ಲ. ಸುರೇಶ ತಾನೇ ಮೆಟ್ಟಿಲಿಳಿದು, ಕುರ್ಚಿಗಳ ನಡುವೆ ನಡೆದು, ನನ್ನ ಪಕ್ಕದಿಂದಲೇ ಹೊರಗೆ ಹೋದ. ನಾನು ಹಿಂದೆ ಓಡಿ, ಊಟ ಮಾಡಿಕೊಂಡು ಹೋಗಪ್ಪಾ ಎಂದೆ. ಎಂಥ ಮಾತು ನನ್ನ ಬಾಯಲ್ಲಿ ಬಂತು! ಅವನು ತಲೆಯಾಡಿಸಿ ಶೃಂಗೇರಿ ಬಸ್ಸಿನ ಕಡೆ ನಡೆದ.

ಸಭೆ ಮುಂದುವರಿಯಿತು. ವಂದನಾರ್ಪಣೆಯೂ ಆಯಿತು. ಮೇಜಿನ ಮೇಲಿನ ಆ ಕಾಯಿಯನ್ನು ತೆಗೆದು ಸುರೇಶನಿಗೆ ವಾಪಸ್ ಮುಟ್ಟಿಸಬೇಕು ಎಂದು ವೇದಿಕೆಗೆ ಹೋದೆ. ಮೇಜು ಖಾಲಿಯಿತ್ತು. ಕೊಟ್ಟ ಕಾಯಿಗಳನ್ನೆಲ್ಲ ಬುಟ್ಟಿಯಲ್ಲಿ ಅಡುಗೆಮನೆಗೆ ಒಯ್ದಿದ್ದಾರೆ ಎಂದರು. ಓಡಿದೆ. ಅಡುಗೆಯವರು ಸಾಲಾಗಿ ಕೂತು ಕಾಯಿ ತುರಿಯುತ್ತಿದ್ದರು. ದೊಡ್ಡ ಬೋಗುಣಿಯಲ್ಲಿ ಬೆಳ್ಳಗೆ ತುರಿ.

“ಮೇಜಿನ ಮೇಲಿದ್ದ ಕಾಯಿ ಎಲ್ಲಿ?” ಎಂದೆ.

“ಯಾವ್ದು ಸಿಸ್ಟ್ರೇ? ಒಂದು ಒಳ್ಳೆ ಬಲಿತ ಕಾಯಿ ಇತ್ತು, ಅದಾ? ಆಯ್ತಲ್ಲ,” ಎಂದು ಅಡುಗೆಯವನು ಬೋಗುಣಿ ತೋರಿಸಿದ. ಎಲ್ಲರ ಕಾಯಿಯ ಜೊತೆ ಅದೂ ಬೆರೆತುಹೋಗಿತ್ತು. ವಾಸಿಯಾದವರ ರಾಶಿಯಲ್ಲಿ.

ಪಂಕ್ತಿ ಹಾಕಿದರು. ಬಾಳೆಲೆಯ ಮೇಲೆ ಮೊದಲು ಉಪ್ಪು, ಆಮೇಲೆ ಕಾಯಿ ಹಾಕಿದ ಪಲ್ಯ, ಕೋಸಂಬರಿ. ಗೌಡರು ನಡುವೆ ಕೂತಿದ್ದರು, ಶಾಲು ಹೊದ್ದು. ಅವರು ಎಲೆ ಮುಟ್ಟಿರಲಿಲ್ಲ. ಡಾಕ್ಟರು ಊಟಕ್ಕೆ ಕೂರದೆ, ಮನೆಯ ಯಜಮಾನರ ಹಾಗೆ ಸಾಲಿನ ನಡುವೆ ಓಡಾಡುತ್ತಾ ಉಪಚಾರ ಮಾಡುತ್ತಿದ್ದರು. ಬಾಗಿಲಲ್ಲಿ ನಿಂತ ನನ್ನನ್ನು ನೋಡಿ, ನಗುತ್ತಲೇ ಕೂಗಿದರು, “ಸಿಸ್ಟರ್, ಎಲ್ಲರೂ ಬಂದ್ರಾ? ನೋಡಿ, ಯಾರೂ ಬಿಟ್ಟುಹೋಗಬಾರದು.”

ಕಲಿಸುತ್ತಿದ್ದ ನಳಿನಿ ಮೇಡಂ ಅವರದ್ದು ದೊಡ್ಡ ಗಂಟಲಾಗಿತ್ತು, ನಾನೂ ಕಲಿತಿದ್ದೆ.

“ಇಲ್ಲ ಸಾರ್,” ಅಂದೆ, ಕೊನೆಯ ಎಲೆಯವರೆಗೂ ಕೇಳುವ ಹಾಗೆ. “ನೆಮ್ಮಾರಿನ ಗಿರಿಜ ಬಂದಿಲ್ಲ.”